ಶೇಕಡಾ ಲೆಕ್ಕದಲ್ಲಿ ‘ಗರಿಷ್ಠ ಎಷ್ಟು’ ಎಂದು ಕೇಳಿದಾಗ

ನೀವು ಕೇಳಿರುವ ಲೆಕ್ಕ ಇದು: 20% ತೇವಾಂಶವಿರುವ 1,000 ಕೆ.ಜಿ. ಮೆಕ್ಕೆಜೋಳವನ್ನು ತೇವಾಂಶ 14% ಮೀರದಂತೆ ಒಣಗಿಸಿದರೆ, ಪೂರ್ಣ ಕಿಲೋಗಳಲ್ಲಿ ಅದರ ತೂಕ ಗರಿಷ್ಠ ಎಷ್ಟಿರಬಹುದು? ನಿಮಗೆ 940 ಬಂದಿದೆ, ಪುಸ್ತಕದಲ್ಲಿ 930 ಇದೆ. ಪುಸ್ತಕದ ಉತ್ತರವೇ ಸರಿ. ದಾವಣಗೆರೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗೆ ಗಣಿತ ಹೇಳಿಕೊಡುವ ನಾನು ಈ ಬಗೆಯ ಲೆಕ್ಕವನ್ನೇ ಮೊದಲು ಕೊಡುತ್ತೇನೆ. ಏಕೆಂದರೆ ಇಲ್ಲಿಯ ವಿದ್ಯಾರ್ಥಿಗಳಲ್ಲಿ ಹಲವರು ಕಣದಲ್ಲಿ ಜೋಳ ಹರವಿ ಒಣಗಿಸಿದವರು, ತೇವಾಂಶ ನೋಡಿದ ಮೇಲೆಯೇ ವರ್ತಕರು ದರ ಹೇಳುವುದನ್ನು ಕಂಡವರು.

20ರಲ್ಲಿ 14 ಕಳೆದು, ತೂಕ 6% ಇಳಿಯಿತು ಎಂದು ನೀವು ತೆಗೆದುಕೊಂಡಿದ್ದೀರಿ. ಆದರೆ ಆ 20% ಎಂಬುದು 1,000 ಕೆ.ಜಿ.ಗೆ ಸಂಬಂಧಿಸಿದ್ದು, 14% ಎಂಬುದು ಒಣಗಿದ ಮೇಲೆ ಉಳಿಯುವ, ನಮಗಿನ್ನೂ ತಿಳಿಯದ ತೂಕಕ್ಕೆ ಸಂಬಂಧಿಸಿದ್ದು. ಮೂಲ ಮೊತ್ತ ಬೇರೆ ಬೇರೆಯಾಗಿರುವ ಎರಡು ಶೇಕಡಾಗಳನ್ನು ಹೀಗೆ ಕಳೆಯಲು ಬರುವುದಿಲ್ಲ. ಇಂತಹ ಕಡೆ ಬದಲಾಗದೆ ಉಳಿಯುವುದು ಯಾವುದು ಎಂದು ಮೊದಲು ಹುಡುಕಬೇಕು. ಬಿಸಿಲಿಗೆ ಆರಿಹೋಗುವುದು ನೀರು ಮಾತ್ರ, 800 ಕೆ.ಜಿ. ಒಣ ಅಂಶ ಹಾಗೆಯೇ ಇರುತ್ತದೆ. ನೀರು ಹೆಚ್ಚು ಉಳಿದಷ್ಟೂ ತೂಕ ಹೆಚ್ಚಾಗುವುದರಿಂದ, ತೇವಾಂಶ ಸರಿಯಾಗಿ 14% ಇದ್ದಾಗ, ಅಂದರೆ ಒಣ ಅಂಶ 86% ಆದಾಗ, ತೂಕ ಗರಿಷ್ಠವಾಗುತ್ತದೆ. 800 ÷ 0.86 = 930.23. ತಾಳೆ ನೋಡಿ: 940 ಕೆ.ಜಿ.ಯಲ್ಲಿ 140 ಕೆ.ಜಿ. ನೀರಿರುತ್ತದೆ, ಅದು 14.89% ಆಗಿ ಮಿತಿಯನ್ನು ದಾಟುತ್ತದೆ.

ಇನ್ನು ದಶಮಾಂಶದ ವಿಷಯ. ಇಲ್ಲಿ .23 ಇದ್ದುದರಿಂದ ಯಾರೂ ಎಡವುವುದಿಲ್ಲ. 25% ತೇವಾಂಶದ 1,200 ಕೆ.ಜಿ. ಕೊಟ್ಟರೆ ಒಣ ಅಂಶ 900, ಉತ್ತರ 1046.51 ಬರುತ್ತದೆ, ಅಭ್ಯಾಸಬಲದಿಂದ 1,047 ಎಂದು ಬರೆದುಬಿಡುತ್ತಾರೆ. 1,047ರಲ್ಲಿ 147 ಕೆ.ಜಿ. ನೀರು, ಅಂದರೆ 14.04%. ‘ಮೀರಬಾರದು’ ಎಂದಿರುವಾಗ ದಶಮಾಂಶ ಎಷ್ಟೇ ದೊಡ್ಡದಿರಲಿ, ಅದನ್ನು ಕೈಬಿಟ್ಟು ಕೆಳಗಿನ ಪೂರ್ಣ ಸಂಖ್ಯೆಯನ್ನೇ ತೆಗೆದುಕೊಳ್ಳಬೇಕು. ಉತ್ತರ ಬರೆಯುವ ಮೊದಲು ಅದಕ್ಕೆ ಒಂದು ಕೂಡಿಸಿ ನೋಡಿ; ಆಗ ಮಿತಿ ದಾಟಿದರೆ ಮಾತ್ರ ನಿಮ್ಮದು ನಿಜವಾದ ಗರಿಷ್ಠ ಸಂಖ್ಯೆ.

18% ತೆರಿಗೆ ಸೇರಿ 5,000 ರೂಪಾಯಿ ಮೀರದ ವಸ್ತುವಿನ ಮೂಲ ಬೆಲೆಯನ್ನೂ ಹೀಗೆಯೇ, 5,000ವನ್ನು 1.18ರಿಂದ ಭಾಗಿಸಿ, 4,237 ಎಂದು ಕಂಡುಹಿಡಿಯಬಹುದು. 5,000ರಲ್ಲಿ 18% ಕಳೆದರೆ ಬರುವ 4,100 ತಪ್ಪು.

ಎಲ್ಲ ಗರಿಷ್ಠ ಲೆಕ್ಕಗಳಿಗೂ ಭಾಗಾಕಾರ ಬೇಕಿಲ್ಲ. ಒಂದು ಊರಿನಲ್ಲಿ 65% ರೈತರು ಮೆಕ್ಕೆಜೋಳ, 50% ರೈತರು ಅಡಿಕೆ ಬೆಳೆಯುತ್ತಾರೆ, ಎರಡನ್ನೂ ಬೆಳೆಯುವವರು ಗರಿಷ್ಠ ಎಷ್ಟು ಎಂದರೆ, ಅಡಿಕೆಯವರೆಲ್ಲರೂ ಜೋಳವನ್ನೂ ಬೆಳೆಯುತ್ತಿರಬಹುದಾದ್ದರಿಂದ ಉತ್ತರ 50%. ಎರಡನ್ನೂ ಕೂಡಿಸಿ 100 ಕಳೆದಾಗ ಬರುವ 15% ಕನಿಷ್ಠ ಪ್ರಮಾಣ. ಆಯ್ಕೆಗಳಲ್ಲಿ ಅದನ್ನೂ ಕೊಟ್ಟಿರುತ್ತಾರೆ, ಆದ್ದರಿಂದ ಪ್ರಶ್ನೆಯಲ್ಲಿ ಗರಿಷ್ಠ ಎಂದಿದೆಯೋ ಕನಿಷ್ಠ ಎಂದಿದೆಯೋ ಎಂಬುದನ್ನು ಗುರುತು ಹಾಕಿಕೊಂಡೇ ಲೆಕ್ಕಕ್ಕೆ ಇಳಿಯಿರಿ.