ನಮ್ಮೂರು ಮದ್ದೂರು, ಅಂಡಮಾನ್‌ನಲ್ಲಿ ಕರೆಂಟ್ ಲೈನ್ ಕೆಲಸ ಸಿಕ್ಕಿದೆ, ಕರೆಂಟ್ ಬಾಕ್ಸ್ ಎಲ್ಲಾ ಸ್ಟೇನ್‌ಲೆಸ್ ಸ್ಟೀಲ್ ಹಾಕ್ಸಿದ್ರೆ ತುಕ್ಕಿನ ಕಾಟ ತಪ್ಪುತ್ತಾ?

ಇಲ್ಲ, ತಪ್ಪೋದಿಲ್ಲ. ನೀವು ಮದ್ದೂರಿನವರು ಅಂತ ಬರ್ದಿದೀರ, ನಾನು ಮಂಡ್ಯದವ್ನು, 2013ರಲ್ಲಿ ಹಿಂಗೇ ಒಬ್ಬ ಕಂಟ್ರಾಕ್ಟರ್ ಕೈಕೆಳಗೆ ನೀಲ್ ದ್ವೀಪಕ್ಕೆ ಹೋದೆ, ಈಗ ಅದನ್ನ ಶಹೀದ್ ದ್ವೀಪ ಅಂತಾರೆ. ನನ್ ತಲೇಲೂ ಬಾಕ್ಸ್ ತುಕ್ಕೇ ಕೂತಿತ್ತು. 304 ಗ್ರೇಡ್ ಸ್ಟೀಲ್ ಬೇಡ, 316ರಲ್ಲಿ ಮಾಲಿಬ್ಡಿನಮ್ ಅನ್ನೋ ಲೋಹ ಇರುತ್ತೆ, ಉಪ್ಪು ತಡ್ಕೊಳುತ್ತೆ ಅಂತ ಹಟ ಮಾಡಿ ತರ್ಸಿದ್ದೆ. ಬಾಕ್ಸಿಗೇನೂ ಆಗ್ಲಿಲ್ಲ. ಹೋಗಿದ್ದು ಒಳಗಿನ ಜಾಯಿಂಟು.

ನಮ್ ಕೇಬಲ್ ಅಲ್ಯೂಮಿನಿಯಂ, ಫೀಡರ್ ಪಿಲ್ಲರ್ (ಬೀದೀಲಿ ನಿಲ್ಸಿ ಮನೆಗಳಿಗೆ ಕರೆಂಟ್ ಹಂಚೋ ಬಾಕ್ಸು) ಒಳಗಿನ ಬಸ್‌ಬಾರ್, ಅಂದ್ರೆ ಕೇಬಲ್ ಎಲ್ಲಾ ಬಂದು ಸೇರೋ ಪಟ್ಟಿ, ತಾಮ್ರ. ಮಧ್ಯೆ ಒಂದ್ಕಡೆ ಅಲ್ಯೂಮಿನಿಯಂ, ಇನ್ನೊಂದ್ಕಡೆ ತಾಮ್ರ ಇರೋ ಬೈಮೆಟಲ್ ವಾಷರ್ ಹಾಕ್ಬೇಕು ಅಂತ ನಂಗೆ ಗೊತ್ತಿತ್ತು, ಆದ್ರೆ ಸ್ಟೋರ್‌ನಲ್ಲಿ ಇರ್ಲಿಲ್ಲ, ಪೋರ್ಟ್ ಬ್ಲೇರ್‌ನಿಂದ ಹಡಗಲ್ಲಿ ಬರಬೇಕಿತ್ತು, ಲೈನ್ ಚಾರ್ಜ್ ಮಾಡೋ, ಅಂದ್ರೆ ಕರೆಂಟ್ ಬಿಡೋ ದಿನ ಹತ್ರ ಬಂದಿತ್ತು. ಮಂಡ್ಯದಲ್ಲಿ ಎಷ್ಟೋ ಪ್ಯಾನಲ್‌ಗೆ ವಾಷರ್ ಇಲ್ದೆ ಬೋಲ್ಟ್ ಹಾಕಿದೀನಿ, ವರ್ಷಗಟ್ಟಲೆ ನಡ್ದಿದೆ, ಇಲ್ಲೂ ನಡ್ಯುತ್ತೆ ಅಂತ ಕೇಬಲ್ ತುದೀಲಿರೋ ಅಲ್ಯೂಮಿನಿಯಂ ಲಗ್ಗನ್ನ ನೇರವಾಗಿ ತಾಮ್ರಕ್ಕೆ ಕೂರ್ಸಿ ಟೈಟ್ ಮಾಡ್ದೆ, ಗ್ರೀಸೂ ಸವರ್ಲಿಲ್ಲ. ಇದೇ ನಾನ್ ಮಾಡಿದ ತಪ್ಪು, ಸರಿಯಾಗಿ ಕೇಳ್ಕೊಳ್ಳಿ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು ಅಂದ್ರೆ ಅದು ಬ್ಯಾಟರಿ ಸೆಲ್ಲೇ, ಅದ್ರಲ್ಲಿ ಕರಗೋದು ಅಲ್ಯೂಮಿನಿಯಂ. ನೀರು ಒಳಕ್ಕೆ ಸುರೀಲೇಬೇಕು ಅಂತಿಲ್ಲ, ಗಾಳೀಲಿ ಬಂದು ಕೂತ ಉಪ್ಪು, ಗಾಳಿಯ ತೇವ ಶೇಕಡ 75 ದಾಟ್ತಿದ್ದಂಗೆ ತಾನೇ ನೀರು ಹೀರಿ ಕರಗುತ್ತೆ, ಹಗಲು ಕಾದ ಬಾಕ್ಸು ರಾತ್ರಿ ತಣ್ಣಗಾದ್ರೆ ಒಳಗೆಲ್ಲಾ ಬೆವರುತ್ತೆ.

ಏಳನೇ ತಿಂಗಳು ನ್ಯೂಟ್ರಲ್, ಅಂದ್ರೆ ಕರೆಂಟ್ ವಾಪಸ್ ಹೋಗೋ ತಂತಿ, ಆ ಜಾಯಿಂಟಲ್ಲೇ ಬಿಡ್ತು. ಫೇಸ್, ಅಂದ್ರೆ ಕರೆಂಟ್ ಬರೋ ತಂತಿ, ಹೋಗಿದ್ರೆ ಕತ್ತಲಾಗೋದು ಅಷ್ಟೆ. ನ್ಯೂಟ್ರಲ್ ಹೋದ್ರೆ ಎರಡು ಫೇಸ್ ನಡುವಿನ 415 ವೋಲ್ಟು ಮನೆಮನೆಗೆ ಹೆಚ್ಚುಕಮ್ಮಿ ಹಂಚಿಹೋಗುತ್ತೆ, ಲೋಡ್ ಕಮ್ಮಿ ಇರೋ ಫೇಸಿಗೆ 230ರ ಬದ್ಲು 300ರ ಮೇಲೇ ನುಗ್ಗಬೋದು. ಒಂದು ಸಾಲಿನ ಟಿವಿ, ಫ್ಯಾನು, ಫ್ರಿಡ್ಜು ಎಲ್ಲಾ ಸುಟ್ಟೋಯ್ತು. ಮೀನು ಮಾರೋ ಒಬ್ರು ಅಮ್ಮನ ಫ್ರೀಜರ್ ಹೋಗಿ ಎರಡು ದಿನದ ಮೀನು ಕೊಳ್ತೋಯ್ತು, ಅವ್ರು ಬೈಲಿಲ್ಲ, ಸುಮ್ನೆ ಬಂದು ಪಿಲ್ಲರ್ ಪಕ್ಕ ನಿಂತ್ಕೊಂಡ್ರು. ಬಾಗಿಲು ತೆಗೆದ್ರೆ ಲಗ್ ಸುತ್ತ ಸುಣ್ಣ ಬಳ್ದಂಗೆ ಬಿಳಿ ಪುಡಿ, ಬೆರಳಿಟ್ರೆ ಉದುರ್ತಿತ್ತು, ಬೋಲ್ಟ್ ಮಾತ್ರ ನಾನು ಹಾಕಿದಷ್ಟೇ ಟೈಟಾಗಿತ್ತು. ಫ್ರೀಜರ್ ದುಡ್ಡು ನನ್ ಸಂಬಳದಲ್ಲೇ ಕೊಟ್ಟೆ.

ಅದ್ಕೇ ಹೇಳ್ತೀನಿ, ಬಾಕ್ಸ್ ಯಾವ ಗ್ರೇಡು ಅನ್ನೋದು ಆಮೇಲಿನ ಮಾತು. ಪ್ಯಾನಲ್ ಒಳಗೆ ಬೆವರದಂಗೆ ಬೆಚ್ಚಗಿಡೋ ಸ್ಪೇಸ್ ಹೀಟರ್ ಹಾಕ್ಸಿ, ಕೇಬಲ್ ಬರೋ ತೂತೆಲ್ಲಾ ಸೀಲ್ ಮಾಡ್ಸಿ. ಓವರ್‌ಹೆಡ್ ಲೈನ್ ಇದ್ರೆ ಎಸಿಎಸ್‌ಆರ್ (ಉಕ್ಕಿನ ತಂತಿ ಸುತ್ತ ಅಲ್ಯೂಮಿನಿಯಂ ಹೆಣೆದ ಕಂಡಕ್ಟರ್) ಬೇಡ, ಒಳಗಿನ ಉಕ್ಕಿನ ತಂತಿ ಹೊರಗೆ ಕಾಣದಂಗೇ ಕೊಳೆಯುತ್ತೆ, ಪೂರ್ತಿ ಅಲ್ಯೂಮಿನಿಯಂ ಅಲಾಯ್ ಕಂಡಕ್ಟರ್ ಕೇಳಿ. ಇನ್ಸುಲೇಟರ್‌ಗೆ ಜೋರು ಮಳೆ ಶತ್ರು ಅಲ್ಲ, ಅದು ತೊಳೆಯುತ್ತೆ. ಜನವರಿಯಿಂದ ಏಪ್ರಿಲ್‌ವರ್ಗೂ ಮಳೆ ಕಮ್ಮಿ, ಉಪ್ಪು ಕೂತ್ಕೊಳುತ್ತೆ, ಆಮೇಲೆ ಬರೋ ಮೊದಲ ತುಂತುರಿಗೇ ಫ್ಲಾಶ್‌ಓವರ್ (ಇನ್ಸುಲೇಟರ್ ಮೈಮೇಲೇ ಕಿಡಿ ಹಾರಿ ಕರೆಂಟ್ ಹರಿಯೋದು), ಅದ್ಕೆ ಮುಂಚೆನೇ ತೊಳ್ಸಿ.

ಬೈಮೆಟಲ್ ವಾಷರು, ಜಾಯಿಂಟ್ ಗ್ರೀಸು ಮೈಸೂರಲ್ಲೇ ಲೆಕ್ಕಕ್ಕಿಂತ ಡಬಲ್ ಕೊಂಡು ಬ್ಯಾಗಲ್ಲಿ ಹಾಕ್ಕೊಂಡು ಹೋಗಿ. ಅಲ್ಲಿ ಹೋದ್ಮೇಲೆ ಖಾಲಿಯಾದ್ರೆ ಹಡಗು ಬರೋ ತನಕ ಕಾಯಿರಿ, ಯಾರು ಎಷ್ಟೇ ಅವಸರ ಮಾಡಿದ್ರೂ.