ಹದಿನೈದು ಸಾವಿರದ ಜಾಹೀರಾತಿಗೆ ಎಂಟು ಸಾವಿರದ ಏಜೆನ್ಸಿ ಬೇಕೇ?

ಪ್ರಶ್ನೆ: ಡೊಂಬಿವಲಿಯಲ್ಲಿ ಉಡುಪಿ ಶೈಲಿಯ ಸಸ್ಯಾಹಾರಿ ಕೇಟರಿಂಗ್ ನಡೆಸುತ್ತೇವೆ. ಗೃಹಪ್ರವೇಶ, ಸೀಮಂತ, ಸತ್ಯನಾರಾಯಣ ಪೂಜೆ. ಐವತ್ತರಿಂದ ಇನ್ನೂರು ಎಲೆಯವರೆಗಿನ ಊಟ. ಗೂಗಲ್ ಜಾಹೀರಾತಿಗೆ ತಿಂಗಳಿಗೆ ಎಲ್ಲ ಖರ್ಚು ಸೇರಿ 15,000 ರೂಪಾಯಿ ಎತ್ತಿಡಬಲ್ಲೆವು. ಏಜೆನ್ಸಿಯೊಂದು ನೋಡಿಕೊಳ್ಳಲು ತಿಂಗಳಿಗೆ 8,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಕೇಳುತ್ತಿದೆ. ಅವರಿಗೆ ಒಪ್ಪಿಸುವುದೋ, ನಾವೇ ಮಾಡಿಕೊಳ್ಳುವುದೋ?
(ಕೇಟರಿಂಗ್ ಮಾಲೀಕರು, ಡೊಂಬಿವಲಿ ಪೂರ್ವ)

ಉತ್ತರ: ಮೊದಲು ಲೆಕ್ಕ ಹಾಕೋಣ. ಗೂಗಲ್ ಜಾಹೀರಾತಿನ ಮೇಲೆ ಶೇ. 18 ಜಿಎಸ್‌ಟಿ ಇದೆ. ಹಾಗಾಗಿ ನಿಮ್ಮ 15,000ದಲ್ಲಿ ಜಾಹೀರಾತಿಗೆ ನಿಜವಾಗಿ ಹೋಗುವುದು 12,712 ರೂಪಾಯಿ. ಒಂದು ಕ್ಲಿಕ್ಕಿಗೆ, ಅಂದರೆ ಒಬ್ಬರು ಒಮ್ಮೆ ಜಾಹೀರಾತನ್ನು ಒತ್ತಿದ್ದಕ್ಕೆ, 25 ರೂಪಾಯಿ ಎಂದು ಹಿಡಿದರೆ (ಇದು ಲೆಕ್ಕಕ್ಕಷ್ಟೇ, ನಿಮ್ಮ ದರ ಬೇರೆಯಿರುತ್ತದೆ) 508 ಕ್ಲಿಕ್. ಏಜೆನ್ಸಿಯ 8,000ಕ್ಕೆ ತೆರಿಗೆ ಸೇರಿದರೆ 9,440. ಉಳಿದ 5,560ರಲ್ಲಿ ಮತ್ತೆ ಜಿಎಸ್‌ಟಿ ಕಳೆದರೆ 4,712 ರೂಪಾಯಿ, ಅಂದರೆ 188 ಕ್ಲಿಕ್. ಏಜೆನ್ಸಿಯವರು ನಿಮಗಿಂತ 2.7 ಪಟ್ಟು ಚೆನ್ನಾಗಿ ಕೆಲಸ ಮಾಡಿದರೆ ಮಾತ್ರ ಲೆಕ್ಕ ಸಮವಾಗುತ್ತದೆ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಅದೇ ನಿಮ್ಮ ಒಟ್ಟು ಹಣ 60,000, ಅವರ ಫೀ 12,000 ಆಗಿದ್ದರೆ ಅವರು 1.3 ಪಟ್ಟು ಮೇಲಿದ್ದರೆ ಸಾಕಿತ್ತು. ಪೋಲನ್ನು ತಡೆದೇ ಅಷ್ಟನ್ನು ಗಳಿಸಿಕೊಡಬಹುದು.

ಇನ್ನೊಂದು ಮಾತು. ಶೇ. 5ರ ದರದಲ್ಲಿ ಜಿಎಸ್‌ಟಿ ಕಟ್ಟುವ ಕೇಟರಿಂಗ್‌ಗೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ. ಗೂಗಲ್‌ಗೂ ಏಜೆನ್ಸಿಗೂ ಕೊಟ್ಟ ಆ ಶೇ. 18 ನಿಮ್ಮ ಕೈಯಿಂದಲೇ ಹೋಗುತ್ತದೆ. ‘ಜಿಎಸ್‌ಟಿ ಹೇಗೂ ವಾಪಸ್ ಬರುತ್ತಲ್ಲ ಸಾರ್’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾಗಿ ನಮ್ಮ ಸಲಹೆ: ತಿಂಗಳ ಫೀ ಬೇಡ. ಬದಲಿಗೆ ಒಂದು ಸಲದ ಕೆಲಸಕ್ಕೆ ಇಷ್ಟು ಎಂದು ಮಾತಾಡಿಕೊಂಡು, ತಿಳಿದವರಿಂದ ಖಾತೆ ಕಟ್ಟಿಸಿಕೊಳ್ಳಿ. ಕ್ಯಾಂಪೇನ್, ಕರೆ ಎಣಿಸುವ ವ್ಯವಸ್ಥೆ, ನೆಗೆಟಿವ್ ಕೀವರ್ಡ್‌ಗಳ (ಯಾವ ಪದ ಹುಡುಕಿದರೆ ಜಾಹೀರಾತು ಬರಬಾರದೋ ಅವುಗಳ) ಮೊದಲ ಪಟ್ಟಿ, ಒಂದು ಗಂಟೆ ಪಕ್ಕದಲ್ಲಿ ಕೂತು ಹೇಳಿಕೊಡುವುದು, ನಾಲ್ಕು ವಾರದ ನಂತರ ಒಮ್ಮೆ ಪರಿಶೀಲನೆ. ಇಷ್ಟು ಅವರ ಪಾಲು. ಆಮೇಲೆ ವಾರಕ್ಕೆ ಅರ್ಧ ಗಂಟೆ ನಿಮ್ಮ ಮನೆಯವರೇ ಯಾರಾದರೂ ಕೂತರೆ ಸಾಕು. ಖಾತೆ ಮಾತ್ರ ನಿಮ್ಮ ಇ-ಮೇಲ್‌ನಲ್ಲಿ, ನಿಮ್ಮ ಕಾರ್ಡ್ ಅಥವಾ ಯುಪಿಐಯಿಂದಲೇ ಇರಲಿ.

ಕಟ್ಟಿಸುವಾಗ ಗಮನಿಸಬೇಕಾದವು ಇವು. ಬಹುಪಾಲನ್ನು ಗೂಗಲ್ ತಾನೇ ನಿರ್ಧರಿಸುವ ‘ಸ್ಮಾರ್ಟ್’ ಅಥವಾ ‘ಪರ್ಫಾರ್ಮೆನ್ಸ್ ಮ್ಯಾಕ್ಸ್’ ಬೇಡ, ಹುಡುಕಿದವರಿಗೆ ಕಾಣುವ ಸರ್ಚ್ ಕ್ಯಾಂಪೇನ್ ಒಂದೇ ಒಂದು ಸಾಕು. ಅದರಲ್ಲಿ ‘ಡಿಸ್‌ಪ್ಲೇ ನೆಟ್‌ವರ್ಕ್’ (ಬೇರೆ ವೆಬ್‌ಸೈಟ್, ಆ್ಯಪ್‌ಗಳಲ್ಲಿ ಜಾಹೀರಾತು) ಮತ್ತು ‘ಸರ್ಚ್ ಪಾರ್ಟ್‌ನರ್ಸ್’ (ಗೂಗಲ್ ಸರ್ಚ್ ಹೊರಗಿನ ಹುಡುಕಾಟದ ತಾಣಗಳು) ಮುಂದಿನ ಟಿಕ್ ತೆಗೆಸಿ. ಅವು ತಾವಾಗಿಯೇ ಟಿಕ್ ಆಗಿ ಬರುತ್ತವೆ, ಸಣ್ಣ ಬಜೆಟ್ ಸೋರುವುದು ಇಲ್ಲಿಂದಲೇ. ಊರು ಆರಿಸುವಾಗ ಡೊಂಬಿವಲಿ, ಕಲ್ಯಾಣ್, ಠಾಣೆ, ಹೆಚ್ಚೆಂದರೆ ಮುಲುಂಡ್. ಬೋರಿವಲಿಯಿಂದ ಬರುವ ಐವತ್ತು ಎಲೆಯ ಆರ್ಡರಿನಲ್ಲಿ ಟೆಂಪೋ ಬಾಡಿಗೆ ಕೊಟ್ಟರೆ ಏನು ಉಳಿಯುತ್ತದೆ ಎಂದು ನಿಮಗೇ ಗೊತ್ತು. ಅದೇ ಪುಟದಲ್ಲಿ ‘ಪ್ರೆಸೆನ್ಸ್’ ಎಂಬ ಆಯ್ಕೆ ಹಾಕಿ. ಮೊದಲೇ ಇರುವುದು ‘ಪ್ರೆಸೆನ್ಸ್ ಆರ್ ಇಂಟರೆಸ್ಟ್’. ಅದನ್ನು ಬಿಟ್ಟರೆ ಆ ಊರಿನಲ್ಲಿ ಆಸಕ್ತಿ ತೋರಿದ ಯಾರಿಗೆ ಬೇಕಾದರೂ, ಅವರು ಎಲ್ಲೇ ಇರಲಿ, ಜಾಹೀರಾತು ಹೋಗುತ್ತದೆ.

ದಿನದ ಬಜೆಟ್ 400 ಇಡಿ. ಗೂಗಲ್ ತಿಂಗಳಿಗೆ ಇದರ 30.4 ಪಟ್ಟು, ಅಂದರೆ 12,160ಕ್ಕಿಂತ ಹೆಚ್ಚು ವಸೂಲು ಮಾಡುವುದಿಲ್ಲ. ತೆರಿಗೆ ಸೇರಿ 14,349. ಒಂದೊಂದು ದಿನ 800 ಖರ್ಚಾಗಿದ್ದು ಕಂಡರೆ ಗಾಬರಿ ಬೇಡ, ದಿನಕ್ಕೆ ಎರಡು ಪಟ್ಟಿನವರೆಗೆ ಹೋಗಲು ಅದಕ್ಕೆ ಅವಕಾಶವಿದೆ. ಬಿಡ್ಡಿಂಗ್‌ನಲ್ಲಿ (ಕ್ಲಿಕ್ಕಿಗೆ ಎಷ್ಟು ಕೂಗಬೇಕೆಂಬ ಆಯ್ಕೆಯಲ್ಲಿ) ಮೊದಲಿಗೆ ‘ಮ್ಯಾಕ್ಸಿಮೈಸ್ ಕ್ಲಿಕ್ಸ್’ ಇಟ್ಟು, ಒಂದು ಕ್ಲಿಕ್ಕಿಗೆ ಇಷ್ಟೇ ಎಂಬ ಮಿತಿ ಹಾಕಿ. ಮಿತಿ ಹಾಕದಿದ್ದರೆ ಒಂದೇ ಕ್ಲಿಕ್ಕು ದಿನದ ದೊಡ್ಡ ಪಾಲು ನುಂಗಿದ ಉದಾಹರಣೆಗಳಿವೆ.

ಕೀವರ್ಡ್, ಅಂದರೆ ಜನ ಯಾವ ಮಾತು ಹುಡುಕಿದಾಗ ನಿಮ್ಮ ಜಾಹೀರಾತು ಬರಬೇಕೋ ಅದು, ಹತ್ತು ಹನ್ನೆರಡು ಸಾಕು: ‘ಸೌತ್ ಇಂಡಿಯನ್ ಕೇಟರರ್ಸ್ ಡೊಂಬಿವಲಿ’, ‘ಉಡುಪಿ ಕೇಟರರ್ಸ್ ಠಾಣೆ’, ‘ಬನಾನಾ ಲೀಫ್ ಕೇಟರಿಂಗ್’. ಮುಂಬಯಿಯ ಜನ ಇದನ್ನು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ, ಹಾಗೇ ಹಾಕಿ. ಆದರೆ ಪ್ರತಿಯೊಂದನ್ನೂ ಜೋಡಿ ಉದ್ಧರಣ ಚಿಹ್ನೆಯೊಳಗೆ ("...") ಬರೆಯಬೇಕು, ಅದು ಫ್ರೇಸ್ ಮ್ಯಾಚ್: ಅದೇ ಅರ್ಥದ ಹುಡುಕಾಟಕ್ಕಷ್ಟೇ ಜಾಹೀರಾತು ಕಾಣುತ್ತದೆ. ಚಿಹ್ನೆ ಇಲ್ಲದೆ ಬರೆದದ್ದು ಬ್ರಾಡ್ ಮ್ಯಾಚ್ ಆಗುತ್ತದೆ, ಗೂಗಲ್ ಅದಕ್ಕೆ ತನಗೆ ತೋಚಿದ ಅರ್ಥ ಹಚ್ಚುತ್ತದೆ.

ಏನಾಗುತ್ತದೆ ಎಂಬುದನ್ನು ‘ಸರ್ಚ್ ಟರ್ಮ್ಸ್’ ವರದಿಯಲ್ಲಿ ನೋಡಿ. ಇದು ‘ಇನ್‌ಸೈಟ್ಸ್ ಆ್ಯಂಡ್ ರಿಪೋರ್ಟ್ಸ್’ ಕೆಳಗಿದೆ. ನೀವು ಕೊಟ್ಟ ಕೀವರ್ಡ್ ಒಂದು ಕಡೆ. ಜನ ನಿಜವಾಗಿ ಹುಡುಕಿದ್ದು ಇಲ್ಲಿ. ನಿಮ್ಮಂಥ ಖಾತೆಯಲ್ಲಿ ಮೊದಲ ವಾರವೇ ಕಾಣುವ ಸಾಲುಗಳು ಎಂಥವು ಗೊತ್ತೇ? ‘ಕೇಟರಿಂಗ್ ಜಾಬ್ಸ್ ಇನ್ ಠಾಣೆ’, ‘ಕೇಟರಿಂಗ್ ಕೋರ್ಸ್ ಫೀಸ್’, ‘ಕೇಟರಿಂಗ್ ಭಾಂಡಿ ಆನ್ ರೆಂಟ್’, ‘ವಾಂಗಿಬಾತ್ ರೆಸಿಪಿ’. ಬಾಡಿಗೆ ಪಾತ್ರೆ ಹುಡುಕುವವನು ನಿಮ್ಮ 25 ರೂಪಾಯಿ ಖರ್ಚು ಮಾಡಿಸಿ ಹೋದ. ಅಂಥ ಪದಗಳನ್ನು ನೆಗೆಟಿವ್ ಪಟ್ಟಿಗೆ ಸೇರಿಸಿ: ಜಾಬ್, ಜಾಬ್ಸ್, ವೇಕೆನ್ಸಿ, ಸ್ಯಾಲರಿ, ನೋಕ್ರಿ, ಕೋರ್ಸ್, ರೆಸಿಪಿ, ಭಾಂಡಿ, ರೆಂಟ್, ಫ್ರಾಂಚೈಸಿ. ಏಕವಚನ, ಬಹುವಚನ ಎರಡನ್ನೂ ಬೇರೆ ಬೇರೆ ಹಾಕಬೇಕು; ‘ಜಾಬ್’ ತಡೆದರೆ ‘ಜಾಬ್ಸ್’ ತಡೆದಂತಾಗುವುದಿಲ್ಲ. ಹಾಗೆಂದು ಆತುರದಲ್ಲಿ ‘ಪೂಜಾ’ ಎಂಬ ಪದವನ್ನೇ ತಡೆದುಬಿಡಬೇಡಿ, ಸತ್ಯನಾರಾಯಣ ಪೂಜೆಯ ಗಿರಾಕಿಯೂ ಅದರ ಜೊತೆ ಹೋದಾನು.

ಏಜೆನ್ಸಿಗೆ ಎಷ್ಟೇ ಕೊಟ್ಟರೂ ಮಾಡಿಕೊಡಲಾಗದ ಕೆಲಸ ಒಂದಿದೆ: ಬಂದ ಕರೆಗೆ ಏನಾಯಿತು ಎಂದು ಬರೆದಿಡುವುದು. ಗೂಗಲ್ 60 ಸೆಕೆಂಡ್ ದಾಟಿದ ಕರೆಯನ್ನು ಕನ್ವರ್ಷನ್ (ಫಲ ಕೊಟ್ಟ ಕ್ಲಿಕ್) ಎಂದು ಎಣಿಸುವಂತೆ ಮಾಡಬಹುದು. ಆದರೆ ಆ ಕರೆ ಆರ್ಡರ್ ಆಯಿತೇ, ಅಥವಾ ಎಲೆಗೆ 150 ರೂಪಾಯಿಗೆ ಕೊಡ್ತೀರಾ ಎಂದು ಕೇಳಿ ಫೋನ್ ಇಟ್ಟದ್ದೇ ಎನ್ನುವುದು ಗೂಗಲ್‌ಗೆ ತಿಳಿಯದು. ಒಂದು ನೂರು ಪುಟದ ನೋಟ್‌ಬುಕ್ ಇಡಿ. ತಾರೀಖು, ಏರಿಯಾ, ಎಷ್ಟು ಎಲೆ, ಯಾವ ದಿನದ ಕಾರ್ಯಕ್ರಮ, ಆಯಿತೇ ಇಲ್ಲವೇ, ಎಷ್ಟು ಉಳಿಯಿತು. ನೂರು ಎಲೆಗೆ 350ರಂತೆ 35,000ದ ಆರ್ಡರಿನಲ್ಲಿ ನಿಮಗೆ 7,000 ಉಳಿಯುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ ಜಾಹೀರಾತಿನಿಂದಲೇ ಮೂರು ಇಂಥ ಆರ್ಡರ್ ಬಂದರೆ ಮುಂದುವರಿಸಿ. ಮೂರು ತಿಂಗಳು ನೋಡಿಯೂ ತಿಂಗಳಿಗೆ ಎರಡೇ ಆದರೆ ಯಾರು ನಡೆಸಿದರೂ ಅದು ನಷ್ಟದ ಬಾಬತ್ತು.

ಫೋನ್ ಎತ್ತುವವರಿಲ್ಲದ ಹೊತ್ತಿನಲ್ಲಿ ಜಾಹೀರಾತು ನಿಲ್ಲಿಸುವ ‘ಆ್ಯಡ್ ಶೆಡ್ಯೂಲ್’ ಬಳಸಿ. ಬಡಿಸುವ ಗಡಿಬಿಡಿಯಲ್ಲಿ ಹನ್ನೆರಡರಿಂದ ಎರಡರವರೆಗೆ ಬಂದ ಕರೆಗಳೆಲ್ಲ ಪಕ್ಕದ ಕೇಟರರ್‌ಗೆ ಹೋಗುತ್ತವೆ, ದುಡ್ಡು ನಿಮ್ಮದು. ಆಷಾಢದಲ್ಲಿ ಅರ್ಧಕ್ಕಿಳಿಸಿ, ಪಿತೃಪಕ್ಷದಲ್ಲಿ ಬಂದ್ ಮಾಡಿ (ಶ್ರಾದ್ಧದ ಅಡುಗೆ ನೀವು ಒಪ್ಪಿಕೊಳ್ಳುವುದಾದರೆ ಮಾತು ಬೇರೆ), ಉಳಿದದ್ದನ್ನು ತುಳಸಿ ವಿವಾಹದ ನಂತರ ಮದುವೆಗಳು ಶುರುವಾದಾಗ ಹಾಕಿ.

ಖಾತೆ ತೆರೆದ ಮೇಲೆ ಗೂಗಲ್ ಕಡೆಯಿಂದ ಎಂದು ಕರೆ ಬರುತ್ತದೆ. ಬಜೆಟ್ ಏರಿಸಿ, ಬ್ರಾಡ್ ಮ್ಯಾಚ್ ಮಾಡಿ, ಸಲಹೆಗಳನ್ನು ‘ಆಟೋ-ಅಪ್ಲೈ’ಗೆ (ನಿಮ್ಮನ್ನು ಕೇಳದೆ ತಾನಾಗಿಯೇ ಜಾರಿಯಾಗಲು) ಬಿಡಿ ಎನ್ನುತ್ತಾರೆ. ವಿನಯದಿಂದ ಕೇಳಿಸಿಕೊಳ್ಳಿ, ಆಟೋ-ಅಪ್ಲೈ ಮಾತ್ರ ಆಫ್ ಇರಲಿ.

ಪ್ರಶ್ನೆ: ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಜಾಬ್ ವರ್ಕ್ ಶಾಪ್, ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತೇವೆ. ಒಂದು ವರ್ಷದಿಂದ ಏಜೆನ್ಸಿಗೆ ಕೊಟ್ಟಿದ್ದೇವೆ, ತಿಂಗಳಿಗೆ ಎಲ್ಲ ಸೇರಿ 40,000. ಪ್ರತಿ ತಿಂಗಳೂ ಪಿಡಿಎಫ್ ವರದಿ ಬರುತ್ತದೆ, ಇಂಪ್ರೆಷನ್ (ಜಾಹೀರಾತು ಎಷ್ಟು ಸಲ ಕಂಡಿತು ಎಂಬ ಎಣಿಕೆ) ಏರಿದೆ ಎನ್ನುತ್ತದೆ. ಕರೆಗಳು ಮಾತ್ರ ಐಟಿಐ ಮುಗಿಸಿ ಕೆಲಸ ಕೇಳುವವರವು. ಖಾತೆ ನೋಡಬೇಕೆಂದರೆ ‘ಅದು ನಮ್ಮ ಸಿಸ್ಟಂ’ ಎನ್ನುತ್ತಾರೆ.
(ವರ್ಕ್‌ಶಾಪ್ ಮಾಲೀಕರು, ಪುಣೆ)

ಉತ್ತರ: ನಿಮ್ಮ ವ್ಯವಹಾರಕ್ಕೆ ಹೊರಗಿನವರ ನೆರವು ತಪ್ಪಲ್ಲ. ಚಾಕಣದ ಒಂದು ಕಂಪನಿ ಡ್ರಾಯಿಂಗ್ ಕಳಿಸಿ ರಿಪೀಟ್ ಆರ್ಡರ್ ಕೊಟ್ಟರೆ ವರ್ಷದ ಫೀ ಹುಟ್ಟುತ್ತದೆ, ಸಾಮಾನ್ಯ ದರದಲ್ಲಿ ಜಿಎಸ್‌ಟಿ ಕಟ್ಟುವವರಾದರೆ ಇನ್‌ಪುಟ್ ಕ್ರೆಡಿಟ್ಟೂ ಸಿಗುತ್ತದೆ. ಆದರೆ ಖಾತೆ ತೋರಿಸದ ಏಜೆನ್ಸಿ ಬೇಡ.

ಎರಡು ವಿಷಯ ಲಿಖಿತವಾಗಿ ಕೇಳಿ: ಖಾತೆಯ ಹತ್ತು ಅಂಕಿಯ ಕಸ್ಟಮರ್ ಐಡಿ, ಮತ್ತು ನಿಮ್ಮ ಇ-ಮೇಲ್‌ಗೆ ಅಡ್ಮಿನ್ ಪ್ರವೇಶ. ಕೊಡುವುದು ‘ಅಡ್ಮಿನ್’ ಕೆಳಗಿನ ‘ಆ್ಯಕ್ಸೆಸ್ ಆ್ಯಂಡ್ ಸೆಕ್ಯುರಿಟಿ’ಯಲ್ಲಿ ಎರಡು ನಿಮಿಷದ ಕೆಲಸ. ‘ರೀಡ್-ಓನ್ಲಿ’ ಕೊಟ್ಟು ಸಮಾಧಾನ ಮಾಡಲು ನೋಡಿದರೆ ಒಪ್ಪಬೇಡಿ. ಅಡ್ಮಿನ್ ಆದರೆ ಮಾತ್ರ ಅವರ ಮ್ಯಾನೇಜರ್ ಖಾತೆಯನ್ನು (ಹಲವು ಗಿರಾಕಿಗಳ ಖಾತೆಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಖಾತೆ) ನೀವೇ ಕಳಚಬಹುದು. ಸರಿಯಾದ ಪದ್ಧತಿ ಎಂದರೆ ಖಾತೆ ನಿಮ್ಮದು, ಅವರು ತಮ್ಮ ಮ್ಯಾನೇಜರ್ ಖಾತೆಯಿಂದ ಅದಕ್ಕೆ ಕೊಂಡಿ ಹಾಕಿಕೊಳ್ಳುವುದು. ಹತ್ತಾರು ಗಿರಾಕಿಗಳನ್ನು ಒಂದೇ ಖಾತೆಯಲ್ಲಿ ತುಂಬಿದ್ದರೆ ಮಾತ್ರ ಅವರಿಗೆ ಕೊಡಲಾಗದು. ಆಗ ಹೊಸ ಖಾತೆ ತೆರೆಯುವುದೇ ದಾರಿ. ಬಿಡುವ ಮುಂಚೆ ಹಳೆಯದರಿಂದ ಕೀವರ್ಡ್, ನೆಗೆಟಿವ್ ಪಟ್ಟಿ, ವರ್ಷದ ಸರ್ಚ್ ಟರ್ಮ್ಸ್ ಇವನ್ನು ಎಕ್ಸೆಲ್‌ನಲ್ಲಿ ಇಳಿಸಿಕೊಡುವಂತೆ ಪಟ್ಟು ಹಿಡಿಯಿರಿ. ಅದಕ್ಕೆ ಹಣ ಕೊಟ್ಟವರು ನೀವು.

ಪ್ರವೇಶ ಸಿಕ್ಕ ದಿನವೇ ‘ಚೇಂಜ್ ಹಿಸ್ಟರಿ’ ತೆರೆಯಿರಿ. ಯಾರು ಯಾವ ದಿನ ಏನು ಬದಲಿಸಿದರು ಎಂಬುದು ಅಲ್ಲಿದೆ. ಮೂರು ತಿಂಗಳಿಂದ ಒಂದೂ ನಮೂದು ಇಲ್ಲದಿದ್ದರೆ ಫೀ ಯಾವುದಕ್ಕೆ ಹೋಯಿತೆಂದು ಕೇಳಬೇಕಾಗುತ್ತದೆ. ಐಟಿಐ ಹುಡುಗರ ಕರೆಗೂ ಕಾರಣ ಹೆಚ್ಚು ಹುಡುಕಬೇಕಿಲ್ಲ: ‘ಸಿಎನ್‌ಸಿ’ ಬ್ರಾಡ್ ಮ್ಯಾಚ್‌ನಲ್ಲಿದೆ, ‘ಆಪರೇಟರ್’, ‘ಪ್ರೋಗ್ರಾಮಿಂಗ್’, ‘ಕೋರ್ಸ್’, ‘ವೇಕೆನ್ಸಿ’ ನೆಗೆಟಿವ್‌ನಲ್ಲಿ ಇಲ್ಲ ಎಂದೇ ನಮ್ಮ ಊಹೆ.

ಹೊಸಬರನ್ನು ಹುಡುಕುವಾಗ ‘ಗೂಗಲ್ ಪಾರ್ಟ್‌ನರ್’ ಬ್ಯಾಡ್ಜ್ ಒಂದಕ್ಕೇ ಮರುಳಾಗಬೇಡಿ. ಅವರು ನಡೆಸುವ ಖಾತೆಗಳಲ್ಲಿ 90 ದಿನಕ್ಕೆ 10,000 ಡಾಲರ್ ಖರ್ಚು, ಶೇ. 70ರ ಆಪ್ಟಿಮೈಸೇಷನ್ ಸ್ಕೋರ್ (ಖಾತೆ ಎಷ್ಟು ಚೆನ್ನಾಗಿ ಹೊಂದಿಸಿದೆ ಎಂದು ಗೂಗಲ್ ಕೊಡುವ ಅಂಕ), ಪರೀಕ್ಷೆ ಪಾಸಾದ ಸಿಬ್ಬಂದಿ ಇದ್ದರೆ ಅದು ಸಿಗುತ್ತದೆ. ಗಿರಾಕಿಗೆ ಆರ್ಡರ್ ಬಂತೇ ಎಂಬುದು ಅದರಲ್ಲಿ ಸೇರಿಲ್ಲ. ಮೊದಲ ಸ್ಥಾನದ ಗ್ಯಾರಂಟಿ ಕೊಡುವವರನ್ನು ಬಾಗಿಲಿನಿಂದಲೇ ಕಳಿಸಿ, ಪ್ರತಿ ಹುಡುಕಾಟಕ್ಕೂ ಹೊಸ ಹರಾಜು ನಡೆಯುವಲ್ಲಿ ಗ್ಯಾರಂಟಿ ಎಲ್ಲಿಂದ ಬಂತು? ಫೀ ನಿಗದಿತ ಮೊತ್ತವಾಗಿರಲಿ. ಖರ್ಚಿನ ಶೇಕಡಾವಾರು ಎಂದರೆ ನಿಮ್ಮ ಖರ್ಚು ಏರಿದಷ್ಟೂ ಅವರಿಗೆ ಲಾಭ.

ಪ್ರಶ್ನೆ: ಗೋವಾದ ಪಾಲೊಳೆಂ ಹತ್ತಿರ ನಾಲ್ಕು ಕೋಣೆಯ ಹೋಂಸ್ಟೇ ಇದೆ. ತಿಂಗಳಿಗೆ 5,000 ಹಾಕಬಹುದು. ಗೋವಾ ಇಡೀ ಟಾರ್ಗೆಟ್ ಮಾಡಿ ಹಾಕಿದೆವು, ಬುಕಿಂಗ್ ಬರಲಿಲ್ಲ. ಏಜೆನ್ಸಿಗೆ ಕೊಡೋಣವೇ?
(ಕಾಣಕೋಣ)

ಉತ್ತರ: ಬೇಡ. ನಾಲ್ಕು ಕೋಣೆಗೆ ಏಜೆನ್ಸಿ ಭಾರವಾಗುತ್ತದೆ. ನಿಮ್ಮ ತಪ್ಪು ಒಂದೇ: ಗಿರಾಕಿ ಗೋವಾದಲ್ಲಿಲ್ಲ. ಅವನು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಹುಡುಕುತ್ತಾನೆ. ಆ ಊರುಗಳನ್ನು ಟಾರ್ಗೆಟ್ ಮಾಡಿ, ‘ಪಾಲೊಳೆಂ’ ಎಂಬ ಹೆಸರನ್ನು ಕೀವರ್ಡ್‌ನೊಳಗೆ ಇಡಿ. ‘ಹೋಟೆಲ್ಸ್ ಇನ್ ಗೋವಾ’ ಮುಟ್ಟಬೇಡಿ, ಅಲ್ಲಿ ದೊಡ್ಡ ಬುಕಿಂಗ್ ತಾಣಗಳ ದುಡ್ಡಿನೆದುರು ನಿಮ್ಮದು ಲೆಕ್ಕಕ್ಕಿಲ್ಲ. ನಿಮ್ಮ ಹೋಂಸ್ಟೇ ಹೆಸರನ್ನು ಚೌಕ ಆವರಣದೊಳಗೆ ಎಕ್ಸಾಕ್ಟ್ ಮ್ಯಾಚ್ (ಅದನ್ನೇ ಹುಡುಕಿದವರಿಗಷ್ಟೇ) ಆಗಿ ಹಾಕಿ. ಹೆಸರು ಹಿಡಿದು ಹುಡುಕಿದವನು ನೇರ ನಿಮಗೇ ಬಂದರೆ ಕಮಿಷನ್ ಉಳಿಯಿತು. ಮಳೆಗಾಲದ ಹಣವನ್ನು ಕೂಡಿಟ್ಟು ಅಕ್ಟೋಬರ್ ನಂತರ ಬಳಸಿ. ಅದಕ್ಕೂ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ (ಮ್ಯಾಪ್‌ನಲ್ಲಿ, ಹುಡುಕಾಟದಲ್ಲಿ ಕಾಣುವ ನಿಮ್ಮ ವಿವರ) ಸರಿಯಾಗಿದೆಯೇ, ಫೋಟೋ ಹೊಸವೇ ನೋಡಿ. ಅದು ಪುಕ್ಕಟೆ.

ಪ್ರಶ್ನೆ: ಮುಲುಂಡ್‌ನ ನಮ್ಮ ದಂತ ಚಿಕಿತ್ಸಾಲಯದ ಜಾಹೀರಾತಿನ ದಿನದ ಹಣ ಬೆಳಿಗ್ಗೆ ಹತ್ತಕ್ಕೇ ಖಾಲಿ. ಎದುರಿನವರು ಬೇಕೆಂದೇ ಕ್ಲಿಕ್ ಮಾಡುತ್ತಿದ್ದಾರೆಯೇ?

ಉತ್ತರ: ಇರಬಹುದು, ಆದರೆ ಮೊದಲು ಅನುಮಾನಪಡಬೇಕಾದ್ದು ನಿಮ್ಮ ಸೆಟ್ಟಿಂಗ್ ಮೇಲೆ. ವರದಿಯಲ್ಲಿ ‘ಇನ್‌ವ್ಯಾಲಿಡ್ ಕ್ಲಿಕ್ಸ್’ (ಅಸಲಿಯಲ್ಲವೆಂದು ಗೂಗಲ್ ತಳ್ಳಿಹಾಕಿದ ಕ್ಲಿಕ್) ಕಾಲಂ ಸೇರಿಸಿ ನೋಡಿ. ಅಲ್ಲಿ ಬಂದದ್ದಕ್ಕೆ ಗೂಗಲ್ ಹಣ ಹಿಡಿದಿರುವುದಿಲ್ಲ. ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ತಡೆಯುವ ಸೌಲಭ್ಯವೂ ಇದೆ, ಒಂದು ಕ್ಯಾಂಪೇನ್‌ಗೆ 500ರವರೆಗೆ. ಆದರೆ ಮೊಬೈಲಿನಲ್ಲಿ ಒಂದೇ ಐಪಿಯನ್ನು ನೂರಾರು ಜನ ಹಂಚಿಕೊಂಡಿರುತ್ತಾರೆ, ಬದಲಾಗುತ್ತಲೂ ಇರುತ್ತದೆ, ಹಾಗಾಗಿ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಶೆಡ್ಯೂಲ್ ಹಾಕಿ ಕ್ಲಿನಿಕ್ ತೆರೆಯುವ ಹೊತ್ತಿಗೆ ಜಾಹೀರಾತು ಶುರುವಾಗುವಂತೆ ಮಾಡಿ, ಕ್ಲಿಕ್ಕಿನ ಮಿತಿ ಇಳಿಸಿ.

ಇನ್ನೊಂದು ಸಂಶಯ: ರಿಸೆಪ್ಷನ್‌ನಲ್ಲಿ ಕೂತವರೇ ದಿನಾ ಬೆಳಿಗ್ಗೆ ‘ನಮ್ಮದು ಬರ್ತಾ ಇದೆಯಾ’ ಎಂದು ಹುಡುಕಿ ಒತ್ತಿ ನೋಡುತ್ತಿಲ್ಲ ತಾನೇ? ನೋಡಲೇಬೇಕೆಂದರೆ ಖಾತೆಯೊಳಗಿನ ‘ಆ್ಯಡ್ ಪ್ರಿವ್ಯೂ ಆ್ಯಂಡ್ ಡಯಾಗ್ನೋಸಿಸ್’ನಲ್ಲಿ ನೋಡಲು ಹೇಳಿ, ಅದಕ್ಕೆ ಕಾಸಿಲ್ಲ.