ರಕ್ತನಾಳಕ್ಕೆ ಕೊಡುವ ಅರಿವಳಿಕೆ ಮದ್ದಿನಿಂದ ಮಿದುಳಿನ ರಕ್ತದ ಹರಿವು ಕಡಿಮೆಯಾಗುತ್ತದಾ?

ಹೆಚ್ಚಿನ ಮದ್ದುಗಳಲ್ಲಿ ಹೌದು. ಮಿದುಳು ದೇಹದ ತೂಕದಲ್ಲಿ ಸುಮಾರು ಶೇ. 2 ಅಷ್ಟೇ, ಆದರೆ ಸುಮ್ನೆ ಮಲಗಿದ್ದಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಶೇ. 20ರಷ್ಟು ಅದಕ್ಕೇ ಬೇಕು. ಕೆಲಸ ಎಲ್ಲಿ ಜಾಸ್ತಿಯೋ ಅಲ್ಲಿಗೆ ರಕ್ತವೂ ಜಾಸ್ತಿ. ಪ್ರೊಪೊಫಾಲ್, ಥಯೋಪೆಂಟಾಲ್, ಎಟೊಮಿಡೇಟ್ ಕೊಟ್ಟಾಗ ನರಕೋಶಗಳ ಚಟುವಟಿಕೆ ತಗ್ಗುತ್ತದೆ, ಆಮ್ಲಜನಕದ ಬೇಡಿಕೆ ಇಳಿಯುತ್ತದೆ, ಅದರ ಹಿಂದೆಯೇ ರಕ್ತದ ಹರಿವೂ ಇಳಿಯುತ್ತದೆ. ತಲೆಬುರುಡೆಯೊಳಗಿನ ಒತ್ತಡವೂ ತಗ್ಗುವುದರಿಂದ ಮಿದುಳು ಊದಿಕೊಂಡವರಿಗೆ ಇದು ಅನುಕೂಲ.

ಹಾಗಂತ ಡೋಸ್ ಏರಿಸುತ್ತಾ ಹೋದರೆ ಬೇಡಿಕೆ ಇಳಿಯುತ್ತಲೇ ಇರುವುದಿಲ್ಲ. ಥಯೋಪೆಂಟಾಲ್‌ನಿಂದ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆ ತೋರಿಸುವ ಪರೀಕ್ಷೆ) ಗೆರೆ ಚಪ್ಪಟೆಯಾಗುವ ಹೊತ್ತಿಗೆ ಬೇಡಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿರುತ್ತದೆ. ಉಳಿದದ್ದು ಕೋಶಗಳು ಬರೀ ಜೀವ ಹಿಡಿದಿರಲು ಬೇಕಾದದ್ದು. ಅದನ್ನು ಈ ಮದ್ದು ಮುಟ್ಟುವುದಿಲ್ಲ.

ನಿಜವಾದ ತೊಡಕು ರಕ್ತದೊತ್ತಡದ್ದು. ಪ್ರೊಪೊಫಾಲ್ ಅದನ್ನು ಚೆನ್ನಾಗಿಯೇ ಬೀಳಿಸುತ್ತದೆ. ಸರಾಸರಿ ರಕ್ತದೊತ್ತಡ 90ರಿಂದ 55ಕ್ಕೆ ಬಿತ್ತು, ತಲೆಯೊಳಗಿನ ಒತ್ತಡ 25ರಿಂದ 20ಕ್ಕೆ ಇಳಿಯಿತು ಅಂದುಕೊಳ್ಳಿ. ಮಿದುಳಿಗೆ ರಕ್ತ ತಳ್ಳುವ ಒತ್ತಡ ಇವೆರಡರ ವ್ಯತ್ಯಾಸ, ಅದು 65ರಿಂದ 35ಕ್ಕೆ ಬಂತು. ನಷ್ಟವೇ ಅಲ್ವಾ? ಅದಕ್ಕೇ ಮದ್ದನ್ನು ನಿಧಾನವಾಗಿ ಕೊಟ್ಟು ರಕ್ತದೊತ್ತಡ ಕಾಯುತ್ತಾರೆ.

ಕೆಟಮಿನ್ ಮಾತ್ರ ಹರಿವನ್ನು ಹೆಚ್ಚಿಸುತ್ತದೆ. ಆದರೂ ವೆಂಟಿಲೇಟರ್‌ನಲ್ಲಿ ಇಂಗಾಲದ ಡೈಆಕ್ಸೈಡ್ ಹಿಡಿತದಲ್ಲಿಟ್ಟು, ಬೇರೆ ನಿದ್ದೆ ಮದ್ದಿನ ಜೊತೆ ಕೊಟ್ಟರೆ, ತಲೆಯೊಳಗಿನ ಒತ್ತಡ ಹಿಂದೆ ಹೆದರುತ್ತಿದ್ದಷ್ಟು ಏರುವುದಿಲ್ಲ.